ಬೆನ್ನು ತಿರುಗಿಸಿ ಕುಳಿತ ಮುಕಾದಮ

ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಲು ಬಾರದವನು ಅದನ್ನು ಖಂಡಿಸಲು ಅರ್ಹನಲ್ಲ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಮಾನ್ವಿಯ ನಮ್ಮ ಮನೆಯ ಕಟ್ಟೆಯ ಮೇಲೆ ಏಕಾದಶಿಯ ಮಧ್ಯಾಹ್ನ ವಾಕ್ಯಾರ್ಥ, ಅಂದರೆ ಶಾಸ್ತ್ರದ ವಾದ, ನಡೆಯುತ್ತಿತ್ತು. ಉಪವಾಸದ ಹೊಟ್ಟೆಯಲ್ಲಿ ಹಿರಿಯರು ಒಬ್ಬರ ಮೇಲೊಬ್ಬರು ಏರಿಹೋಗುವುದನ್ನು ಕೇಳುತ್ತ ಬೆಳೆದ ನನಗೆ ದೇವರಲ್ಲಿ ನಂಬಿಕೆ ಉಳಿಯಲಿಲ್ಲ, ವಾದದಲ್ಲಿ ಉಳಿಯಿತು. ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ ಹಾಜರಿ ಗುಮಾಸ್ತನ ಕೆಲಸ ಸಿಕ್ಕಾಗ ಅಜ್ಜ ನಕ್ಕರು. "ಅಲ್ಲಿ ಯಾರ ಜೋಡಿ ವಾದಾ ಮಾಡ್ತಿಯೋ? ಎಂಜಿನ್ ಜೋಡಿನ?"

ಯುದ್ಧದ ಕಾಲ ಅದು. ದೇವದುರ್ಗದ ಕಡೆಯಿಂದ ಹತ್ತಿಯ ಬಂಡಿಗಳು ಬೆಳಗಾಗುವ ಮೊದಲೇ ಬಂದು ಗಿರಣಿಯ ಅಂಗಳದಲ್ಲಿ ಸಾಲುಗಟ್ಟುತ್ತಿದ್ದವು. ಒಳಗಿನ ಉದ್ದನೆಯ, ಹಜಾರದಂಥ ಸಾಲೆಯಲ್ಲಿ ಹೆಂಗಸರು ಯಂತ್ರಗಳ ಬಾಯಿಗೆ ಹತ್ತಿ ಕೊಡುತ್ತಿದ್ದರು. ಒಂದು ಕಡೆ ಅರಳೆ, ಇನ್ನೊಂದು ಕಡೆ ಕಾಳು. ಅವರ ಬೆನ್ನ ಹಿಂದೆ, ಒಂದು ಮೊಳದಾಚೆ, ಯಂತ್ರ ತಿರುಗಿಸುವ ತೊಗಲಿನ ಪಟ್ಟಾ ಓಡುತ್ತಿತ್ತು.

ಆ ಹೆಂಗಸರೆಲ್ಲ ಅರಕೇರಾದವರು, ಹೆಚ್ಚಿನವರು ಕುರಿ ಕಾಯುವ ಮನೆತನದವರು. ಅವರನ್ನು ಕೂಲಿಗೆ ಕರೆತಂದು ಕೆಲಸ ಮಾಡಿಸುವವನು ಅದೇ ಊರಿನ ಮುಕಾದಮ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮಾತು ಕಡಿಮೆ. ಸಾಲೆಯಲ್ಲಿದ್ದವರಲ್ಲಿ ಇಬ್ಬರು ಅವನ ಸೊಸೆಯರೇ. ಉಳಿದವರಿಗೂ ಅವನು ಒಂದಲ್ಲ ಒಂದು ರೀತಿಯಲ್ಲಿ ಮಾವನೇ ಆಗಬೇಕು. ಮಾವನಾದವನು ಮನೆಯೊಳಗೆ ಬರುವ ಮೊದಲು ಹೊಸ್ತಿಲಲ್ಲಿ ನಿಂತು ಕೆಮ್ಮುತ್ತಾನೆ. ಸೊಸೆಯರು ಅಷ್ಟರಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ. ಗಿರಣಿಯಲ್ಲೂ ಅದೇ ನಡೆದಿತ್ತು. ಮುಕಾದಮ ಬಾಗಿಲಲ್ಲಿ ಕೆಮ್ಮುವನು, ಹೆಂಗಸರು ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಚ್ಚಿ ನಿಧಾನವಾಗಿ ತಲೆಗೆ ತರುವರು, ಅವನು ಒಂದು ಸುತ್ತು ಹಾಕಿ ಹೊರಡುವನು. ಹಳೆಯ ಉಗಿ ಎಂಜಿನ್ನಿನ ಕಾಲದಲ್ಲಿ ಇದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಆಮೇಲೆ ಎಣ್ಣೆ ಎಂಜಿನ್ ಬಂತು. ಅದರ ಸದ್ದಿಗೆ ತಗಡಿನ ಚಾವಣಿ ನಡುಗುತ್ತಿತ್ತು, ಪಟ್ಟಾ ಕಣ್ಣಿಗೆ ನಿಲುಕದಷ್ಟು ಜೋರಾಗಿ ಓಡುತ್ತಿತ್ತು. ಒಂದು ದಿನ ಮುಕಾದಮ ಎಂದಿನಂತೆ ಕೆಮ್ಮಿ ಒಳಗೆ ಬಂದ. ಕೆಮ್ಮು ಯಾರಿಗೂ ಕೇಳಲಿಲ್ಲ. ಹಿರಿಯ ಸೊಸೆ ತಲೆ ಎತ್ತಿದರೆ ಮಾವ ಎದುರಿಗೇ ನಿಂತಿದ್ದಾನೆ! ಗಾಬರಿಯಾಗಿ ಸೆರಗು ಕಿತ್ತು ತಲೆಯ ಮೇಲೆ ಎಸೆದುಕೊಂಡಳು. ತುದಿ ಹಿಂದಕ್ಕೆ ಹಾರಿ ಪಟ್ಟಾಕ್ಕೆ ಸಿಕ್ಕಿತು. ಸೆರಗಿನ ಹಿಂದೆ ಅವಳ ಬಲಗೈ ಹೋಯಿತು.

ಆಕೆ ಬದುಕಿ ಊರಿಗೆ ಮರಳಿದಳು. ಎಂಜಿನ್ನಿಗೆ ಬಲಿ ಬೇಕಾಗಿತ್ತು ಎಂದು ಕೆಲವರು ಮಾತಾಡಿಕೊಂಡರು. ಮ್ಯಾನೇಜರ್ ಹಾಗೆನ್ನಲಿಲ್ಲ. ಹೊರಗಿನಿಂದ ಬಂದ ಓದಿದ ಮನುಷ್ಯ, ಕುಚ್ಚಿನ ರೂಮಿ ಟೋಪಿ ಒಂದಿಷ್ಟೂ ಸೊಟ್ಟಗಾಗದಂತೆ ಇಟ್ಟುಕೊಳ್ಳುವವರು. ಸಾಲೆಯಲ್ಲಿ ಯಾವ ಹೆಂಗಸೂ ತಲೆಯ ಮೇಲೆ ಸೆರಗು ಹಾಕಕೂಡದು, ಸೊಂಟಕ್ಕೆ ಬಿಗಿದಿರಬೇಕು, ಒಪ್ಪದವರು ಸೋಮವಾರದಿಂದ ಬರಬೇಕಿಲ್ಲ ಎಂದು ಹುಕುಂ ಮಾಡಿದರು.

ಅದನ್ನು ಹೆಂಗಸರಿಗೆ ತಿಳಿಸುವ ಕೆಲಸ ನನ್ನದಾಯಿತು. ಕಿರಿಯ ಸೊಸೆ ಹತ್ತಿಯ ರಾಶಿಯ ಮೇಲೆ ಕುಳಿತೇ ಕೇಳಿದಳು.

"ಸಾಹೇಬರು ಗಿರಣಿ ಸಾಹುಕಾರ್ರ ಮುಂದ ಟೋಪಿ ತಗದು ನಿಂದ್ರತಾರೇನು, ಕೇಳ್ರಿ ಮದ್ಲ."

ಉಳಿದವರು ಬಾಯಿಗೆ ಸೆರಗು ಒತ್ತಿ ನಕ್ಕರು. ಅವಳು ನಗಲಿಲ್ಲ. ಗಂಡ ಕುರಿಹಿಂಡಿನ ಹಿಂದೆ ದೇವಸುಗೂರಿನ ಕಡೆ ಹೊಳೆದಂಡೆಗೆ ಹೋಗಿದ್ದ. ತನ್ನ ಮಕ್ಕಳ ಜೊತೆ ಕೈ ಕಳೆದುಕೊಂಡವಳ ಮಕ್ಕಳ ಹೊಟ್ಟೆಯೂ ಈಗ ಅವಳ ದುಡಿಮೆಯನ್ನೇ ನಂಬಿತ್ತು.

"ಕೆಲಸಾ ಬಿಡ್ತಿ ಏನವಾ?" ಎಂದೆ.

"ಬಿಟ್ರ ರೊಟ್ಟಿ ಯಾರು ಕೊಡ್ತಾರ್ರೀ? ಹಂಗಂತ ಮಾವನ ಮುಂದ ಬರೇ ತಲೀಲೆ ನಿಂತ್ರ ನಾಳಿ ಊರಾಗ ಹೆಂಗ ತಲಿ ಎತ್ತಲಿ? ನೀವು ಓದಿದವ್ರು, ನೀವ ಹೇಳ್ರಿ."

ನಾನು ಮ್ಯಾನೇಜರರ ಕೋಣೆಗೆ ಹೋದೆ. ಮುಕಾದಮ ಅಲ್ಲೇ ಬಾಗಿಲ ಬಳಿ ನಿಂತಿದ್ದ. ಅಜ್ಜ ಕಲಿಸಿದಂತೆ ಮೊದಲು ಎದುರು ಪಕ್ಷವನ್ನೇ ಹೇಳಿದೆ. ಸೆರಗು ಅಪಾಯ, ಖರೆ. ಎಂಜಿನ್ನಿಗೆ ಮಾವ-ಸೊಸೆ ಗೊತ್ತಿಲ್ಲ, ಅದೂ ಖರೆ. ಮ್ಯಾನೇಜರ್ ತಲೆದೂಗಿದರು.

"ಆದ್ರ ಸಾಹೇಬ್ರ, ಹೆಂಗಸರು ತಾವತಾವೇ ಇದ್ದಾಗ ಸೆರಗು ಸೊಂಟದಾಗ ಇರ್ತದ. ತಲಿಗೆ ಏರೂದು ಈ ಮುಕಾದಮ್ರು ಒಳಗ ಬಂದಾಗ ಅಷ್ಟ. ಮದ್ಲ ಇವ್ರ ಕೆಮ್ಮು ಕೇಳಸ್ತಿತ್ತು. ಈಗ ಎಂಜಿನ್ ಅದನ್ನ ನುಂಗೇದ. ಎಂಜಿನ್ ತಂದವ್ರು ನೀವು, ಒಳಗ ಬರೋವ್ರು ಇವ್ರು. ಬದಲಾಗೂದು ಮಾತ್ರ ಹೆಂಗಸರು ಯಾಕ್ರಿ? ಪಟ್ಟಾಕ್ಕ ಅಡ್ಡ ಹಲಗಿ ಹೊಡಸ್ರಿ. ಇಲ್ಲಾ, ಇವ್ರನ್ನ ಹೊರಗ ಇಡ್ರಿ."

"ಸುಗ್ಗಿಯಾಗ ಎಂಜಿನ್ ನಿಲ್ಲಿಸಿ ಹಲಗಿ ಹೊಡಸ್ಲಿ? ಮುಕಾದಮನ್ನ ಹೊರಗಿಟ್ರ ಕೆಲಸದ ಮ್ಯಾಲ ನಿಗಾ ಯಾರದು? ಹುಕುಂ ಅಂದ್ರ ಹುಕುಂ."

ಹೊರಗೆ ಬಂದಾಗ ಮುಕಾದಮ ನನ್ನ ಜೊತೆಗೇ ಬಂದ. ಅಂಗಳದ ಕೊನೆಯ ಬಂಡಿಯ ಬಳಿ ನಿಂತ.

"ಕೆಮ್ಮು ಕೇಳಿಲ್ಲ ಅಂದ್ರೆಲ್ರೀ," ಎಂದ ಆಮೇಲೆ. "ಅವತ್ತಿಂದ ನನಗ ಅದ ಒಂದ ಕೇಳಸಾಕತ್ತದ."

ಸೋಮವಾರ ಬೆಳಿಗ್ಗೆ ಅವನು ಎಲ್ಲರಿಗಿಂತ ಮೊದಲೇ ಬಂದಿದ್ದ. ಸಾಲೆಯ ಬಾಗಿಲಲ್ಲಿ ಕಂಬಳಿ ಹಾಸಿ, ಯಂತ್ರಗಳಿಗೆ ಬೆನ್ನು ಕೊಟ್ಟು, ಅಂಗಳದ ಕಡೆ ಮುಖ ಮಾಡಿ ಕುಳಿತ. ಹೆಂಗಸರು ಅವನ ಪಕ್ಕದಿಂದ ತಲೆ ಮುಚ್ಚಿಕೊಂಡು ಒಳಗೆ ಹೋದರು, ಹೋಗಿ ಸೆರಗು ಬಿಗಿದರು. ಕಿರಿಯ ಸೊಸೆಯೂ ಬಿಗಿದಳು. ನೋಡುವ ಮಾವನೇ ಇಲ್ಲದ ಮೇಲೆ ತಲೆ ಬರಿದಾದರೇನು? ಹುಕುಂ ನಡೆಯಿತು, ಮರ್ಯಾದೆಯೂ ಉಳಿಯಿತು. ಎಂಜಿನ್ನಿನ ಗದ್ದಲದ ಮೇಲೆ ಮುದುಕ ಹಿಂದಿರುಗಿ ನೋಡದೆ ಕೂಗುತ್ತಿದ್ದ. "ಯಾಕ, ಮೂಲ್ಯಾಗಿನ ಯಂತ್ರ ಹಸಕೊಂಡದ! ಏನ್ ಮಾಡಾಕತ್ತೀರಿ?" ಸದ್ದಿನಲ್ಲೇ ಅವನಿಗೆ ತಿಳಿಯುತ್ತಿತ್ತು.

ಕೆಲವು ವಾರ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕರೆಸಿದರು.

"ಕೆಲಸಕ್ಕ ಬೆನ್ನು ತಿರುವಿ ಕೂತಾನಲ್ಲ, ಕೆಲಸ ಏನರ ಕಡಿಮಿ ಆಗೇದೇನು?"

"ಇಲ್ರೀ," ಎಂದೆ ಉತ್ಸಾಹದಿಂದ.

"ಹಂಗಾರ ನಿಗಾ ಬೇಕಾಗಿಲ್ಲ. ಅಂವಾ ಯಾಕ ಬೇಕು?"

ಎರಡೂ ತುದಿಗೆ ಕುಣಿಕೆಯಿರುವ ಹಗ್ಗ ಅಂತಾರಲ್ಲ, ಅದು. ಕೆಲಸ ಕೆಟ್ಟಿದೆ ಎಂದರೆ ಮುದುಕ ತಪ್ಪಿತಸ್ಥ, ಕೆಟ್ಟಿಲ್ಲ ಎಂದರೆ ನಿರುಪಯೋಗಿ. ಉಳಿದಿದ್ದ ಒಂದೇ ಮಾತನ್ನು ಹೇಳಿದೆ.

"ಹಲಗಿ ಮಾಡಬೇಕಾದ ಕೆಲಸಾ ಅವರ ಬೆನ್ನು ಮಾಡಾಕತ್ತದ್ರೀ. ಆ ಬೆನ್ನು ತಗದ್ರ, ನಾಳಿ ಬರೋ ಮುಕಾದಮ ಒಳಗ ಕಾಲಿಡ್ತಾನ. ಮತ್ತೊಂದು ಕೈ ಹೋದ್ರ ಈ ಸಲ ಸೆರಗಿನ ತಪ್ಪು ಅನ್ನಾಕ ಬರೂದಿಲ್ಲ. ನಾ ನಿಮಗ ಮದ್ಲ ಹೇಳಿದ್ದೆ ಅನ್ನೂದನ್ನ ಸಾಹುಕಾರ್ರಿಗೂ ಹೇಳ್ತೀನಿ."

ಅವರು ಟೋಪಿ ಸರಿಮಾಡಿಕೊಂಡರು. ಮುಂದಿನ ಅಮಾವಾಸ್ಯೆಯ ರಜೆಗೆ ಗಿರಣಿ ನಿಂತಾಗ ಬಡಿಗರು ಬಂದರು. ಹೆಂಗಸರ ಬೆನ್ನಿಗೂ ಪಟ್ಟಾಕ್ಕೂ ನಡುವೆ ಎದೆಯೆತ್ತರಕ್ಕೆ ಹಲಗೆ ಹೊಡೆದರು. ಅದೇ ಸಂಜೆ ಮುಕಾದಮನಿಗೆ ಲೆಕ್ಕ ಚುಕ್ತಾ ಮಾಡಿದರು. ನನ್ನ ವಾದದ ಎರಡು ತುಂಡುಗಳನ್ನೂ ಮ್ಯಾನೇಜರ್ ಒಪ್ಪಿದ್ದರು. ಒಂದಕ್ಕೆ ಹಲಗೆ ಬಂತು, ಇನ್ನೊಂದಕ್ಕೆ ಮುದುಕ ಹೋದ. ಕೆಲಸ ಅವನಿಲ್ಲದೆಯೂ ನಡೆಯುತ್ತದೆ ಎಂಬುದಕ್ಕೆ ಸಾಕ್ಷಿ ನುಡಿದವನು ನಾನೇ ಅಲ್ಲವೇ? ಮತ್ತೆ ಒಳಗೆ ಹೋಗಿ ವಾದಿಸಿದೆ. ತೀರಿದ ಮಾತನ್ನು ಯಾರೂ ಕೇಳುವುದಿಲ್ಲ.

ಮಾರನೆಯ ದಿನ ಅರಕೇರಾಕ್ಕೆ ಹೊರಡುವ ಮೊದಲು ಅವನು ಸಾಲೆಯ ಬಾಗಿಲಿಗೆ ಬಂದ. ಎಂಜಿನ್ ಓಡುತ್ತಿತ್ತು. ಹೊಸ್ತಿಲಲ್ಲಿ ನಿಂತು ಕೆಮ್ಮಿದ. ಅವನ ಎದೆ ಅಲುಗಿದ್ದು ಕಂಡಿತು, ಪಕ್ಕದಲ್ಲಿದ್ದ ನನಗೂ ಸದ್ದು ಕೇಳಲಿಲ್ಲ. ಒಳಗೆ ಹೆಜ್ಜೆಯಿಟ್ಟ. ಕಿರಿಯ ಸೊಸೆ ತಲೆ ಎತ್ತಿ ಅವನನ್ನು ಕಂಡವಳೇ ಸರಕ್ಕನೆ ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಂಡಳು. ತುದಿ ಹಿಂದಕ್ಕೆ ಹಾರಿ ಹಲಗೆಗೆ ಬಡಿದು ಜಾರಿ ಬೆನ್ನ ಮೇಲೆ ಇಳಿಯಿತು.

ಮುದುಕ ಹಲಗೆಯ ತನಕ ಹೋದ. ಕೋಲಿನಿಂದ ಒಂದು ಸಲ, ಇನ್ನೊಂದು ಸಲ ಕುಟ್ಟಿ ನೋಡಿದ. ಅಲುಗಲಿಲ್ಲ. ಸೊಸೆಯ ಕಡೆ ನೋಡದೆ ಕಂಬಳಿ ಹೆಗಲಿಗೇರಿಸಿ ಹೊರಗೆ ನಡೆದ. ಅವಳು ಸೆರಗು ಹಾಗೇ ತಲೆಯ ಮೇಲಿಟ್ಟುಕೊಂಡು ಯಂತ್ರದ ಬಾಯಿಗೆ ಹತ್ತಿ ಕೊಡತೊಡಗಿದಳು.