ನೂಲೋ ನರವೋ

ಮೊದಲು ನೋವಾಗಲಿಲ್ಲ. ಮಷೀನು ನಿಂತಿತು, ಅಷ್ಟೇ.

ಪೆಟ್ರೋಲು ಮುಗಿದಿರಬೇಕು ಅಂದುಕೊಂಡೆ. ದೇವದುರ್ಗದ ಹೊರಗೆ ರಸ್ತೆ ಅಗಲ ಮಾಡುವುದಕ್ಕೆ ಹುಣಸೆಮರ ಕಡಿಯುವ ಕೆಲಸ ನಮ್ಮದು. ಗುತ್ತಿಗೆದಾರರು ಬೊಂಬಾಯಿಯಿಂದ ಮರ ಕೊಯ್ಯುವ ಮಷೀನು ತರಿಸಿದ್ದರು. ಸರಪಳಿ ಹಲ್ಲಿನ ಗರಗಸ. ಅದರ ಜೊತೆ ಒಂದು ಪ್ಯಾಂಟೂ ಬಂದಿತ್ತು. ಗಾದಿಯಷ್ಟು ದಪ್ಪ. ನಮ್ಮ ಕಡೆಯ ಬಿಸಿಲಿಗೆ ಅದನ್ನು ಹಾಕಿಕೊಂಡರೆ ಬೆವರು ಇಳಿದು ಬೂಟೊಳಗೆ ನಿಲ್ಲುತ್ತಿತ್ತು. ಬಸ್ಸಿನಲ್ಲಿ ಹೋಗುವವರು ನನ್ನನ್ನು ನೋಡಿ ನಗುತ್ತಿದ್ದರು. ಆದರೆ ಮಷೀನು ಕಲಿಸಲು ಬಂದಿದ್ದ ಮೇಸ್ತ್ರಿ ಪ್ಯಾಂಟಿಲ್ಲದೆ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ, "ಕಾಲು ಬೇಕೋ ಬ್ಯಾಡೋ?" ಎಂದಿದ್ದ. ಆ ಪ್ಯಾಂಟಿನ ಒಳಗೆ ಏನಿದೆ ಎಂದು ಮಾತ್ರ ಹೇಳಿರಲಿಲ್ಲ.

ಅವತ್ತು ಕೊಯ್ದ ಕೊಂಬೆ ಸಿಡಿದು ನನ್ನ ಕೈಗೆ ಬಡಿಯಿತು. ಓಡುತ್ತಿದ್ದ ಮಷೀನು ಎಡಗಾಲಿನ ಮೇಲೆ ಬಂತು. ನಿಂತುಬಿಟ್ಟಿತು. ನಾನು ಬಗ್ಗಿ ನೋಡಿದೆ.

ತೊಡೆಯಿಂದ ಬಿಳಿ ಎಳೆಗಳು ಹೊರಗೆ ಬಂದಿದ್ದವು.

ಒಂದೆರಡಲ್ಲ. ಕಂತೆ ಕಂತೆ. ಮಷೀನಿನ ಸರಪಳಿಗೆಲ್ಲ ಸುತ್ತಿಕೊಂಡಿದ್ದವು. ಅವುಗಳ ನಡುವೆ ರಕ್ತ ಒಸರುತ್ತಿತ್ತು. ಮನುಷ್ಯನ ನರಗಳು ಬೆಳ್ಳಗಿರುತ್ತವೆ ಅಂತ ಯಾರೋ ಹೇಳಿದ್ದು ಆ ಗಳಿಗೆಯಲ್ಲೇ ಯಾಕೆ ನೆನಪಾಯಿತೋ ಗೊತ್ತಿಲ್ಲ.

ನನ್ನ ಜೊತೆಗಾರ ಮೌಲಾ ಓಡಿಬಂದ. ಮಷೀನು ಬಿಡಿಸಲು ಎಳೆದ. ಅದು ಬರಲಿಲ್ಲ. ಕುಡಗೋಲು ತಂದ.

"ಕಡೀಬ್ಯಾಡೋ ಮೌಲಾ! ನನ್ನ ನರ ಅವು!" ಎಂದು ಕೂಗಿದೆ.

ಅವನು ನನ್ನ ಮುಖ ನೋಡಿದ. "ಈರಣ್ಣಾ, ಈ ಮಷೀನಿನ ಸಂಗಾಟ ನಿನ್ನ ಹ್ಯಾಂಗ ಎತ್ತಲಿ?" ಎಂದ. ಅಳುತ್ತಲೇ ಕಡಿದ. ನನಗೆ ನೋವಾಗಲಿಲ್ಲ. ನೋವಾಗದ್ದಕ್ಕೇ ಹೆದರಿಕೆಯಾಯಿತು. ಕಾಲು ಸತ್ತೇ ಹೋಯಿತು ಅಂದುಕೊಂಡೆ. ಆಮೇಲೆ ಕಣ್ಣು ಕತ್ತಲೆ ಬಂತು.

ದೇವದುರ್ಗದ ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕಿದರು. ಮಂಡಿಯಿಂದ ಮೇಲೆ ತೊಡೆಯಲ್ಲಿ, ನನ್ನ ಅಂಗೈಯಷ್ಟು ಉದ್ದದ ಗಾಯ. ಪ್ಯಾಂಟನ್ನು ಕತ್ತರಿಸಿ ತೆಗೆದು ಎಲ್ಲೋ ಎಸೆದರಂತೆ. ಮೂಳೆಗೆ ಏನೂ ಆಗಿಲ್ಲ ಎಂದರು. ಮಾನ್ವಿಯ ನಮ್ಮ ಮನೆಗೆ ಬಂದೆ. ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ.

ಜ್ವರ ಬಂತು. ತೊಡೆ ಊದಿ ಬಿಗಿಯಿತು. ಹೊಲಿಗೆಯ ಸುತ್ತ ಬೆಂಕಿ ಇಟ್ಟ ಹಾಗೆ ಉರಿ, ಅದರ ಹೊರಗಡೆ ಒಂದು ಕಡೆ ಮಾತ್ರ ಏನೂ ಗೊತ್ತಾಗದು. ಹೆಂಡತಿ ಮಲ್ಲಮ್ಮ ಅಲ್ಲಿ ಚಿವುಟಿದಳು. ಗೊತ್ತಾಗಲಿಲ್ಲ. ಮತ್ತೆ ಚಿವುಟಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಒಂದೇ ಕಾಲಿನಲ್ಲಿ ಬೆಂಕಿಯೂ ಇದೆ, ಏನೂ ಇಲ್ಲದ ಜಾಗವೂ ಇದೆ. ಇದರಲ್ಲಿ ಯಾವುದನ್ನು ನಂಬಬೇಕು, ಯಾವುದಕ್ಕೆ ಹೆದರಬೇಕು ಅನ್ನುವುದೇ ನನಗೆ ತಿಳಿಯುತ್ತಿರಲಿಲ್ಲ. ಜ್ವರದಲ್ಲಿ ಮೌಲಾನ ಹೆಸರು ಹೇಳಿ ಬೈದೆನಂತೆ. "ನರ ಕಡದಾನ, ನನ್ನ ನರ ಕಡದಾನ." ಅವನು ನೋಡಲು ಬಂದಾಗ ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅವನು ಹೊಸ್ತಿಲ ಹೊರಗೇ ನಿಂತು ಹೋದ.

ರಾಯಚೂರಿನ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯ ಡಾಕ್ಟರು ಹೊಲಿಗೆ ನೋಡಿ, "ಇನ್‌ಫೆಕ್ಷನ್ ಆಗ್ಯದ. ಬಿಚ್ಚಿ ನೋಡಬೇಕು" ಎಂದರು.

ಮಲ್ಲಮ್ಮ ಕೇಳಿದಳು: "ಕಾಲು ತಗೀತೀರೇನ್ರಿ?"

"ಈಗೇ ಏನೂ ಹೇಳಾಕಾಗೂದಿಲ್ಲ, ಯವ್ವಾ."

ಆ ಮಾತು ಕೇಳಿದ ಮೇಲೆ ವಾರ್ಡಿನ ಫ್ಯಾನು ತಿರುಗುವುದನ್ನು ನೋಡುತ್ತಾ ಮಲಗಿದ್ದೆ. ಬೇರೆ ಏನನ್ನೂ ಯೋಚಿಸಲು ಆಗಲಿಲ್ಲ.

ಆಪರೇಷನ್ ಆಯಿತು. ಎಚ್ಚರವಾದಾಗ ಮೊದಲು ಕೈಯಿಂದ ಮುಟ್ಟಿ ನೋಡಿದೆ. ಕಾಲಿತ್ತು. ಡಾಕ್ಟರು ಒಂದು ಬಟ್ಟಲು ತಂದು ತೋರಿಸಿದರು. ಅದರಲ್ಲಿ ಬಿಳಿ ಎಳೆಗಳ ಸಣ್ಣ ಉಂಡೆ.

"ಇವು ನನ್ನ ನರ ಏನ್ರಿ?"

ಅವರು ನಗಲಿಲ್ಲ. ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು, ಬೆಂಕಿಕಡ್ಡಿ ಗೀರಿ ಅದಕ್ಕೆ ತಾಗಿಸಿದರು. ಎಳೆ ಕರಗಿ ಕಪ್ಪು ಹನಿಯಾಯಿತು.

"ನೈಲಾನ್ ನೂಲು ಇದು. ನೀ ಹಾಕ್ಕೊಂಡಿದ್ದ ಪ್ಯಾಂಟಿನ್ಯಾಗ ತುಂಬಿರತಾರ. ಇದೇ ಹೋಗಿ ಸರಪಳಿಗೆ ಸುತ್ತಿ ಮಷೀನು ನಿಲ್ಲಸ್ಯದ. ನಿಲ್ಲೂದರೊಳಗ ಹಲ್ಲು ಸ್ವಲ್ಪ ತಾಗಿದ್ವು, ನೂಲು ಒಳಗ ಉಳಕೊಂಡು ಕೀವಾತು. ಪ್ಯಾಂಟು ಇಲ್ಲದಿದ್ದರ ನಿನ್ನ ಇಲ್ಲೀತನಕ ತರೂದೇ ಆಗತಿರಲಿಲ್ಲ."

"ಮತ್ತ ಇಲ್ಲಿ ಯಾಕ್ರಿ ಗೊತ್ತಾಗಂಗಿಲ್ಲ?"

"ಅಲ್ಲಿ ಚರ್ಮಕ್ಕ ಹೋಗೂ ಸಣ್ಣ ನರ ಒಂದು ಖರೇನೇ ಕಡದದ. ಅದು ಮಷೀನಿಂದ. ನಡಿಯಾಕ ಅದರಿಂದ ತೊಂದರಿಲ್ಲ."

ಹಾಗಾದರೆ ನೂಲು ಹೌದು, ನರವೂ ಹೌದು. ನನ್ನನ್ನು ಉಳಿಸಿದ್ದೇ ಒಳಗೆ ಕೀವಾಗಿತ್ತು. ಮನುಷ್ಯ ಯಾರಿಗೆ ಕೈಮುಗಿಯಬೇಕು, ಯಾರ ಮೇಲೆ ಸಿಟ್ಟಾಗಬೇಕು? ಮಲ್ಲಮ್ಮನನ್ನು ಕೇಳಿದೆ. "ಗಂಜಿ ಕುಡೀರಿ ಮೊದಲ" ಎಂದಳು.

ಮಾನ್ವಿಗೆ ಬಂದ ಮೇಲೂ ಡ್ರೆಸಿಂಗ್ ಬಹಳ ದಿನ ನಡೆಯಿತು. ಕೋಲು ಹಿಡಿದು ಅಂಗಳದವರೆಗೆ ನಡೆಯತೊಡಗಿದೆ. ರಸ್ತೆಯಲ್ಲಿ ಮೋಟಾರ್‌ಸೈಕಲ್ ಹೋದರೆ, ಅದರ ಸದ್ದಿಗೆ ಈಗಲೂ ಎಡಗಾಲು ತಾನಾಗಿ ಹಿಂದಕ್ಕೆ ಸರಿಯುತ್ತದೆ. ನಾನು ಸರಿಸುವುದಿಲ್ಲ.

ಒಂದು ದಿನ ಮೌಲಾಗೆ ಹೇಳಿ ಕಳಿಸಿದೆ. ಬಂದ. ಹೊಸ್ತಿಲಲ್ಲೇ ನಿಂತ.

"ಖರೇ ಹೇಳು ಈರಣ್ಣಾ. ನಾ ಕಡದಿದ್ದು ಏನು?"

"ನೂಲೋ. ನೀ ಕಡದಿದ್ದೆಲ್ಲಾ ನೂಲು."

ಅವನು ಅಲ್ಲೇ ಕುಕ್ಕರಿಸಿ ಕುಳಿತ. ತಲೆಗೆ ಸುತ್ತಿದ್ದ ಟವೆಲ್ ತೆಗೆದು ಮುಖ ಮುಚ್ಚಿಕೊಂಡ. ಇಷ್ಟು ದಿನ ಅವನಿಗೂ ಒಂದು ಕಾಯಿಲೆ ಇತ್ತು, ಅದನ್ನು ಯಾರೂ ಡಾಕ್ಟರಿಗೆ ತೋರಿಸಿರಲಿಲ್ಲ ಎಂದು ನನಗೆ ಆಗ ತಿಳಿಯಿತು. "ನಾ ಬೈದದ್ದು ತಪ್ಪಾತು" ಎಂದೆ. ಅವನು ಇರಲಿ ಬಿಡು ಅನ್ನುವ ಹಾಗೆ ಕೈ ಆಡಿಸಿದ.

ಆಮೇಲೆ ಕೇಳಿದೆ: "ಮಷೀನು ಈಗ ಯಾರು ಹಿಡ್ಯಾಕತ್ತಾರ?"

"ಯಾರೂ ಇಲ್ಲ. ಹೊಸಾ ಪ್ಯಾಂಟು ಬರೂತನಕ ಮುಟ್ಟಂಗಿಲ್ಲಂತ ನಾ ಹೇಳೀನಿ. ಗುತ್ತಿಗೆದಾರ ಒದರ್ಯಾಡಿದ. ಒದರ್ಯಾಡಲಿ. ಇಬ್ಬರು ಎಳಿಯೂ ಹಳೇ ಗರಗಸ ತಗೊಂಡೀವಿ."

"ಗರಗಸದ ಆ ತುದಿಗೆ ಯಾರದಾರ?"

"ದಿನಾ ಒಬ್ಬೊಬ್ಬರು. ನನ್ನ ಕೈಗೆ ಯಾರ ಕೈಯೂ ಹೊಂದವಲ್ದು" ಎಂದು ನನ್ನ ಕಾಲಿನ ಕಡೆ ನೋಡಿದ. "ಅವಸರಿಲ್ಲ."

ಮಲ್ಲಮ್ಮ ಚಹಾ ತಂದಿಟ್ಟಳು. ಕುಡಿದ ಮೇಲೆ ನಾನು ಕೋಲನ್ನು ಗೋಡೆಗೆ ಒರಗಿಸಿ, ಮೌಲಾನ ಹೆಗಲ ಮೇಲೆ ಕೈಯಿಟ್ಟು ಎದ್ದೆ. ಅಂಗಳ ದಾಟಿ ರಸ್ತೆಗೆ ಬಂದೆವು. ಎಷ್ಟು ದೂರ ಆಗುತ್ತದೋ ಅಷ್ಟು ದೂರ ನಡೆದೆವು.