ಕಾರಿನಡಿಯ ಕಾಲುಂಗುರ

ಇಂಗ್ಲಿಷ್ ದೊರೆಯೊಬ್ಬ ಇಂಗ್ಲೆಂಡಿಗೆ ಮರಳುವಾಗ ನಮಗೆ ಮಾರಿದ ಕಾರಿನಲ್ಲಿ ನಾಳೆ ಕೊಚ್ಚಿಯಿಂದ ತಿರುವನಂತಪುರಕ್ಕೆ ಹೊರಡಬೇಕು ಗೆಳೆಯರೇ. ಹಾಗಾಗಿ ಇವತ್ತು ಅಂಗಳದಲ್ಲೇ ಎಂಜಿನ್ ಎಣ್ಣೆ, ಫಿಲ್ಟರ್ ಬದಲಾಯಿಸಿದೆವು.

ಪಕ್ಕದ ಮನೆಯ ಮೇನನ್ ಬೇಲಿಯಾಚೆ ನಿಂತು, ಕಾರಿನಡಿಯಿಂದ ಚಾಚಿದ್ದ ಕಾಲುಗಳಿಗೆ ಬುದ್ಧಿ ಹೇಳಿದರು: "ಸಾರೇ, ಇದು ಆಫೀಸ್ ಫೈಲ್ ಅಲ್ಲ. ವರ್ಕ್‌ಶಾಪಿಗೆ ಬಿಡಿ."

ಆಮೇಲೆ ಆ ಕಾಲ್ಬೆರಳಲ್ಲಿ ಬೆಳ್ಳಿ ಕಾಲುಂಗುರ ಕಂಡು ಬೇಲಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಆಚೆ ಬದಿಯಲ್ಲಿ ಟಾರ್ಚ್ ಹಿಡಿದು ಕೂತಿದ್ದೆ.

ಹೊಸ ಫಿಲ್ಟರ್ ಕೂರಿಸುವ ಮೊದಲು ನನ್ನ ಹೆಂಡತಿ ಬೆರಳಲ್ಲಿ ತಡವಿ, ಎಂಜಿನ್ನಿಗೇ ಅಂಟಿಕೊಂಡಿದ್ದ ಹಳೆಯ ಫಿಲ್ಟರಿನ ರಬ್ಬರ್ ಉಂಗುರವನ್ನು ಎಳೆದು ತೆಗೆದಳು. "ಇದರ ಮೇಲೆಯೇ ಹೊಸದು ಕೂತಿದ್ರೆ ನಾಳೆ ದಾರಿಯಲ್ಲಿ ಎಣ್ಣೆ ಪೂರಾ ಸೋರಿಹೋಗ್ತಿತ್ತು. ಟಾರ್ಚ್ ಸರಿ ಹಿಡೀರಿ."

ನಾನು ಟಾರ್ಚ್ ನೆಟ್ಟಗೆ ಹಿಡಿದೆ. ಎಂಜಿನ್ ಚಾಲೂ ಮಾಡಿದರೆ ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ.

ಮೇನನ್ ನನ್ನ ಬಳಿ ಬಂದು, "ನಮ್ಮ ಕಾರನ್ನೂ ನೋಡಿಕೊಡ್ತಾರಾ?" ಎಂದು ಪಿಸುಗುಟ್ಟಿದರು.

"ಆಗ ಬುದ್ಧಿ ಹೇಳಿದಿರಲ್ಲ, ಆ ಕಾಲುಗಳನ್ನೇ ಕೇಳಿ" ಎಂದೆ.