ಗಿಲ್ಹ್ವಾನನ ಬಟ್ಟೆ ಸುಟ್ಟ ದಿನ

ಅವತ್ತು ಬೆಳಿಗ್ಗೆಯೂ ಪ್ಯೋ ಗಿಲ್ಹ್ವಾನ್ ಅಡುಗೆಯಲ್ಲಿ ಕೊಂಕು ತೆಗೆದ.

"ಏನೇ ಇದು, ಮೂಲಂಗಿ ಸಾರೋ ಸಮುದ್ರದ ನೀರೋ?"

"ಸಮುದ್ರದ್ದೇ. ನಿಮ್ಮ ಹೆಲಿಕಾಪ್ಟರಿಗೂ ಒಂದು ಚೊಂಬು ಒಯ್ಯಿರಿ," ಎಂದಳು ಹೆಂಡತಿ ಓಕ್ರೆ.

ಕಾಡಿನ ಬೆಂಕಿ ಆರಿಸುವ ಹೆಲಿಕಾಪ್ಟರಿಗೆ ಅವನು ಮೆಕ್ಯಾನಿಕ್. ನಗುತ್ತಾ ಇನ್ನೊಂದು ಬಟ್ಟಲು ಹಾಕಿಸಿಕೊಂಡು ಕುಡಿದು ಹೋದ. ಮಾರನೆಯ ದಿನ ಹೆಲಿಕಾಪ್ಟರ್ ಶೆಡ್ಡಿನಲ್ಲಿ ನಿಂತಿದ್ದವನು ಹಾಗೆಯೇ ಕುಸಿದ. ಎದೆಬಡಿತ ನಿಂತುಹೋಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಸತ್ತವರ ಬಟ್ಟೆ ಸುಡಬೇಕು, ಸುಟ್ಟರೇ ಅದು ಅವರಿಗೆ ಮುಟ್ಟುವುದು. ಕೊರಿಯಾದ ನಮ್ಮ ಗಾಂಗ್ವೊನ್ ಕಡೆ ಹಿಂದಿನಿಂದ ಬಂದ ಪದ್ಧತಿ. ಗಿಲ್ಹ್ವಾನನ ಅಕ್ಕ ಮಾಲ್ಸುನ್ ಬಟ್ಟೆಯ ಗಂಟು ಹೊತ್ತು ಹೊಲದ ಬದುವಿಗೆ ನಡೆದಳು.

"ಗಾಳಿ ಇದೆ ಅಕ್ಕ. ನಾಳೆ ಸುಡೋಣ," ಎಂದಳು ಓಕ್ರೆ.

"ನನ್ನ ತಮ್ಮ ಅಲ್ಲಿ ಬರಿಮೈಲಿ ನಿಂತಿದಾನೆ ಕಣೇ. ನಿಂಗೆ ನಾಳೆ ಬೇಕಾ?"

ಓಕ್ರೆ ಕಡ್ಡಿ ಗೀರಿದಳು. ಎಣ್ಣೆ ಹಿಡಿದ ಕೆಲಸದ ಅಂಗಿ ಭುಗಿಲೆಂದಿತು. ಅಂಗಿಯ ಉರಿಯುವ ತೋಳೊಂದು ಗಾಳಿಗೆ ಹಾರಿ ಪೈನ್ ಮರಗಳ ಗುಡ್ಡಕ್ಕೆ ಬಿತ್ತು. ಗುಡ್ಡ ಹೊತ್ತಿಕೊಂಡಿತು. ಗುಡ್ಡದ ಬುಡದಲ್ಲಿ ಚೋನ್ಸಿಮ್ ಅಜ್ಜಿಯ ಮನೆ. ಅಜ್ಜಿಗೆ ಓಡುವಷ್ಟು ಕಾಲು ಗಟ್ಟಿಯಿಲ್ಲ. ದಾರಿಯನ್ನೆಲ್ಲ ಹೊಗೆ ನುಂಗಿತ್ತು.

ಹೆಲಿಕಾಪ್ಟರ್ ಬಂತು. ಊರ ಕೆರೆಯ ಮೇಲೆ ತಗ್ಗಿ ಸೊಂಡಿಲಿನಂಥ ಪೈಪು ಇಳಿಬಿಟ್ಟಿತು. ಹನಿ ನೀರೂ ಎಳೆಯದೆ ಮೇಲೆದ್ದು ಹೋಗಿಬಿಟ್ಟಿತು. ಕೆರೆ ತುಂಬ ಮೆಣಸಿನಕಾಯಿ ಹೊಲಗಳಿಂದ ಹಾರಿ ಬಂದ, ಮಣ್ಣಿಗೆ ಹೊದಿಸುವ ಕಪ್ಪು ಪ್ಲಾಸ್ಟಿಕ್ ಹಾಳೆ ತೇಲುತ್ತಿತ್ತು.

"ಅಜ್ಜಿ ಹೋದ್ರೆ ನಾನೇ ಕೊಂದ ಹಾಗೆ," ಎಂದಳು ಓಕ್ರೆ.

ಹೆಲಿಕಾಪ್ಟರ್ ಆಚೆ ಊರಿನ ಅಣೆಕಟ್ಟಿನಿಂದ ನೀರು ತುಂಬಿಕೊಂಡು ತಿರುಗಿ ಬಂತು. ಅಜ್ಜಿಯ ಮನೆಯ ಹಿಂದೆಯೇ ಸುರಿಯಿತು. ಮತ್ತೆ ಹೋಯಿತು, ಮತ್ತೆ ಸುರಿಯಿತು. ಸಂಜೆಗೆ ಗುಡ್ಡದಲ್ಲಿ ಬರೀ ಹೊಗೆ ಉಳಿಯಿತು.

ಅಜ್ಜಿ ತೊಯ್ದ ಕೋಳಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಕುಂಟುತ್ತಾ ಬಂದಳು. "ಯಾವನವನು? ನನ್ನ ಸೋಯಾ ಹುದುಗಿಟ್ಟ ಜಾಡಿಗೆಲ್ಲ ನೀರು ಹುಯ್ದ!"

ಓಕ್ರೆ ಅಲ್ಲೇ ಕೂತು ಜೋರಾಗಿ ಅತ್ತಳು. ಗಂಡ ಸತ್ತಾಗ ಬಾರದ ಅಳು ಆಗ ಬಂತು. ಎದೆ ಹಗುರಾಯಿತು.

ಆ ಹೆಲಿಕಾಪ್ಟರಿನ ಪೈಲಟ್ ಥಾಕ್, ಗಂಡನ ಜೊತೆಗಾರ, ಮನೆಗೆ ಬಂದ. "ಅತ್ತಿಗೆ, ಅಣ್ಣ ಇದ್ದಿದ್ರೆ ನಿಮಗೂ ಬೈತಿದ್ದ, ಕೆರೆ ಮೇಲೆ ಅಷ್ಟು ತಗ್ಗಿದ್ದಕ್ಕೆ ನನಗೂ ಬೈತಿದ್ದ. ಆ ಹಾಳೆ ಎದ್ದು ರೆಕ್ಕೆಗೆ ಸುತ್ತಿಕೊಂಡಿದ್ರೆ ನಾವೂ ಅವನ ಹಿಂದೇನೇ ಹೋಗ್ತಿದ್ವಿ."

"ಹೋದೀರಿ! ಕೂತ್ಕೊಳ್ಳಿ, ಊಟ ಮಾಡಿ."

ಬೆಂಕಿ ಹಚ್ಚಿದ್ದಕ್ಕೆ ಓಕ್ರೆಗೆ ದಂಡ ಬಿತ್ತು. ಬೀಳಲಿ. ಅಜ್ಜಿ ಬದುಕಿದ್ದಳು.

ಈಗಲೂ ಬೆಳಗಾದರೆ ಓಕ್ರೆ ಕೊಕ್ಕೆ ಕಟ್ಟಿದ ಬಿದಿರ ಗಳು ಹಿಡಿದು ಕೆರೆಗೆ ಹೋಗುತ್ತಾಳೆ. ಗಾಳಿಗೆ ಬಂದು ಬಿದ್ದ ಹಾಳೆಗಳನ್ನು ದಡಕ್ಕೆ ಎಳೆದು, ಮತ್ತೆ ಹಾರದಂತೆ ಅವುಗಳ ಮೇಲೆ ಕಲ್ಲು ಹೇರುತ್ತಾಳೆ.